ದೇವಪುತ್ರನ ಜಾಗ

ಗೋರಿಕಲ್ಲು ಮಾಡುವ ಆ ಅಂಗಡಿಯಲ್ಲಿ ಇದ್ದವರು ಇಬ್ಬರೇ. ಅಕ್ಷರ ಕೊರೆಯುವವನು ಮುಸಲ್ಮಾನ, ಪಾಲಿಶು ಹಾಕುವವನು ಕ್ರೈಸ್ತ. ಅಕ್ಷರದವನು ನೂಲು ಹಿಡಿದು ಕೊರೆದ ಸಾಲು ಕೂದಲೆಳೆಯಷ್ಟೂ ಅತ್ತಿತ್ತ ಆಗುತ್ತಿರಲಿಲ್ಲ. ಆದರೆ ಒಂದು ಮಾತನ್ನು ಮಾತ್ರ ಅವನು ಮುಟ್ಟುತ್ತಿರಲಿಲ್ಲ. ‘ದೇವಪುತ್ರ’ ಎಂದು ಬಂದ ಕಡೆ ಅಳತೆ ಮಾಡಿ ಜಾಗ ಖಾಲಿ ಬಿಟ್ಟು ಮುಂದಿನ ಮಾತಿಗೆ ಹೋಗುತ್ತಿದ್ದ. ಆ ಜಾಗ ತುಂಬುವುದು ಪಾಲಿಶಿನವನ ಪಾಲಿಗೆ ಬಂದಿತ್ತು. ಅವನ ಅಕ್ಷರವೋ, ಆ ದೇವರಿಗೇ ಪ್ರೀತಿ. ಮೂವತ್ತು ವರ್ಷಗಳಲ್ಲಿ ಸ್ಮಶಾನದ ತುಂಬ ಮಿಕ್ಕಿದ್ದೆಲ್ಲ ನೆಟ್ಟಗಿದ್ದು, ದೇವಪುತ್ರನೊಬ್ಬನೇ ಸೊಟ್ಟಗಿರುವ ಕಲ್ಲುಗಳು ಎದ್ದು ನಿಂತವು. ಗಿರಾಕಿಗಳು ಅದೇ ಪದ್ಧತಿ ಇರಬೇಕೆಂದುಕೊಂಡು ಸುಮ್ಮನಿದ್ದರು.

ಮಧ್ಯಾಹ್ನ ಊಟಕ್ಕೆ ಕೂತರೆ ಇದೇ ವಾದ.

“ದೇವರಿಗೆ ಮಗ ಎಲ್ಲಿಂದ ಬಂದ?” ಎಂದು ಅಕ್ಷರದವನು ಕೆಣಕುತ್ತಿದ್ದ.

“ನಾವೇನು ಹೆತ್ತ ಅಂದ್ವಾ? ಗ್ರಂಥದಲ್ಲಿ ಮಗ ಅಂದ್ರೆ ಆ ಅರ್ಥ ಅಲ್ಲ.”

“ಅರ್ಥ ಬೇರೆ ಅಂದ್ಮೇಲೆ ಮಾತೂ ಬೇರೆ ಹಾಕ್ಬೇಕಿತ್ತು. ನಮ್ಮ ಗ್ರಂಥದಲ್ಲಿ ಆತ ದೊಡ್ಡ ಪ್ರವಾದಿ. ಅಷ್ಟು ಸಾಲ್ದಾ?”

“ಸಾಲಲ್ಲ.”

ಬುತ್ತಿ ತಂದ ಪಾಲಿಶಿನವನ ಹೆಂಡತಿ, “ಆ ಅಪ್ಪ ಮಗನ ಮನೆ ವಿಷಯ ಅವರು ನೋಡ್ಕೋತಾರೆ, ನೀವು ಊಟ ಮಾಡಿ” ಎಂದು ಇಬ್ಬರ ಬಾಯನ್ನೂ ಮುಚ್ಚಿಸುತ್ತಿದ್ದಳು.

ಅವಳು ತೀರಿಕೊಂಡಳು. ‘ದೇವಪುತ್ರನನ್ನು ನಂಬಿ ಬಾಳಿದಳು’ ಎಂದು ತನ್ನ ಕಲ್ಲಿಗೆ ಅವಳೇ ಹೇಳಿಟ್ಟಿದ್ದಳು. ಮಣ್ಣು ಮಾಡಿ ಬಂದಂದಿನಿಂದ ಪಾಲಿಶಿನವನ ಕೈ ನಡುಗಲು ಹಿಡಿಯಿತು. ನೀರು ಕುಡಿಯಲು ಹೋದರೆ ಅರ್ಧ ಅಂಗಿಯ ಪಾಲು. ಅಕ್ಷರದವನು ಅದನ್ನು ನೋಡಿದ. ಕಂಡವರ ಕಲ್ಲು ಕೆಟ್ಟರೆ ಕೆಟ್ಟಿತು, ಮೂವತ್ತು ವರ್ಷ ತನಗೂ ಸೇರಿಸಿ ಬುತ್ತಿ ಕಟ್ಟಿದವಳ ಕಲ್ಲು ಕೆಡಬಾರದು. ಎರಡು ದಿನ ತಲೆ ಕೆಡಿಸಿಕೊಂಡ. ಮೂರನೆಯ ಬೆಳಿಗ್ಗೆ ಅಲ್ಲಾಹನಲ್ಲಿ ಮುಂಗಡವಾಗಿ ಕ್ಷಮೆ ಕೇಳಿ, ಆ ಮಾತಿನ ಮೊದಲ ಅಕ್ಷರದ ಗುರುತಿನ ಮೇಲೆ ಉಳಿ ಇಟ್ಟ.

“ಏನ್ ಮಾಡ್ತಿದೀಯ?” ಎಂದ ಪಾಲಿಶಿನವನು.

“ಈ ಸಲ ನಾನೇ ಕೊರೀತೀನಿ.”

“ನಂಬ್ತೀಯಾ?”

“ಇಲ್ಲ.”

“ಹಾಗಾದ್ರೆ ಇಡು ಕೆಳಗೆ. ನಂಬದೆ ಕೊರೆದ್ರೆ ನಿನ್ನ ಪಾಲಿಗೆ ಅದು ಸುಳ್ಳೇ. ನನ್ನ ಹೆಂಡ್ತಿ ತಲೆ ಹತ್ರ ನಿನ್ನ ಸುಳ್ಳು ಬೇಡ.”

ಅಕ್ಷರದವನಿಗೆ ಮೈಯೆಲ್ಲ ಉರಿಯಿತು. ಜನ್ಮದಲ್ಲಿ ಒಂದು ಸಲ ಪಾಪ ಮಾಡಲು ಹೊರಟರೆ ಅದಕ್ಕೂ ಈ ಮನುಷ್ಯನದು ತಕರಾರು. ಉಳಿಯನ್ನು ಅವನ ಕೈಗಿಟ್ಟು, “ಮೊದಲು ನಿನ್ನದು ಮುಗಿಸು. ಮಿಕ್ಕಿದ್ದು ಆಮೇಲೆ ನಾನು ನೋಡ್ಕೋತೀನಿ” ಎಂದ.

ಪಾಲಿಶಿನವನು ನಾಲ್ಕು ದಿನ ಕೊರೆದ. ಅಕ್ಷರಗಳು ಏರಿಳಿದು ಎಡಕ್ಕೆ ವಾಲಿದವು, ಕೊನೆಯದು ಕೆಳಗಿನ ಸಾಲಿಗೆ ಕಾಲು ಚಾಚಿತು. ಅಕ್ಷರದವನು ಕಲ್ಲಿನ ಮುಂದೆ ಕುಕ್ಕರುಗಾಲಲ್ಲಿ ಕೂತು ಬಹಳ ಹೊತ್ತು ನೋಡಿದ. ಆಮೇಲೆ ನೂಲನ್ನು ಸುತ್ತಿ ಬದಿಗಿಟ್ಟ. ಅವಳ ಹೆಸರು, ಹುಟ್ಟಿದ ವರ್ಷ, ಸತ್ತ ವರ್ಷ, ಮಿಕ್ಕ ಮಾತು, ಎಲ್ಲವನ್ನೂ ಏರಿಳಿಸಿ ಎಡಕ್ಕೆ ವಾಲಿಸಿಯೇ ಕೊರೆದ. ನೆಟ್ಟಗೆ ಕೊರೆದೇ ರೂಢಿಯಾದ ಕೈ ಮಾತು ಕೇಳುತ್ತಿರಲಿಲ್ಲ, ಒಂದೊಂದು ಅಕ್ಷರಕ್ಕೂ ಬೆವರು ಕಿತ್ತುಬಂತು.

ಬಟ್ಟೆ ಹಿಡಿದು ಒರೆಸಲು ಬಂದ ಪಾಲಿಶಿನವನು ನಿಂತುಬಿಟ್ಟ. ತನ್ನ ಮಾತು ಯಾವುದೆಂದು ಹುಡುಕಬೇಕಾಯಿತು.

“ನಿನ್ನ ಕೈಗೇನಾಯ್ತು?”

“ವಯಸ್ಸಾಯ್ತು.”

ಪಾಲಿಶಿನವನು ಬಗ್ಗಿ ಕಲ್ಲನ್ನು ಒರೆಸತೊಡಗಿದ. ಎಷ್ಟು ಒರೆಸಿದರೂ ಕಣ್ಣಿನ ಹನಿ ಬೀಳುತ್ತಲೇ ಇದ್ದು ಅದು ಒಣಗಲಿಲ್ಲ.