ಗಂಡು ಒಪ್ಪಿಸಿದ್ದು

ಮಾಗಿ ಮುಗಿಯುತ್ತಿತ್ತು. ಭೀಮನಬೀಡಿನಲ್ಲಿ ಅರಿಶಿನ ಬೇಯಿಸುವ ಕಾಲ. ಬೆಳಗಿನ ಬಿಸಿಲು ಇನ್ನೂ ಜಗುಲಿ ಹತ್ತಿರಲಿಲ್ಲ. ಆ ಹೊತ್ತಿನಲ್ಲಿ ಶ್ರೀಲಂಕಾದ ಮಟ್ಟಕ್ಕಳಪ್ಪಿನಿಂದ ಬಂದ ಯೋಗಮ್ಮ, ಈರಮ್ಮನ ಮನೆ ಮುಂದೆ ಆಟೋ ಇಳಿದಳು.

ಯೋಗಮ್ಮನ ಮಗ ನಿರೋಷನ್, ಈರಮ್ಮನ ಮಗಳು ಚೈತ್ರ, ಇಬ್ಬರೂ ಮಸ್ಕತ್ತಿನ ಒಂದೇ ಆಸ್ಪತ್ರೆಯಲ್ಲಿದ್ದವರು. ಅವಳು ನರ್ಸು, ಅವನು ಲ್ಯಾಬಿನವನು. ಅಲ್ಲೇ ಮದುವೆಯಾಗಿ, ಕೆಲಸ ಬಿಟ್ಟು ಬಂದಿದ್ದರು. ಇನ್ನು ಬಾಳುವುದು ಅವನ ದೇಶದಲ್ಲೋ ಇವಳ ದೇಶದಲ್ಲೋ ಅನ್ನುವುದು ತೀರ್ಮಾನವಾಗಿರಲಿಲ್ಲ. ಚೈತ್ರಳಿಗೆ ಗುಂಡ್ಲುಪೇಟೆಯಲ್ಲಿ ಕೆಲಸ ಸಿಕ್ಕಿತ್ತು, ಇಲ್ಲೇ ಇರುವ ಆಸೆ. ಅಮ್ಮ ಬಂದು ನೋಡಿ ಹೇಳಲಿ ಎಂದಿದ್ದ ನಿರೋಷನ್.

ಈರಮ್ಮ ಮಗಳನ್ನು ಕಡಲಾಚೆ ಕಳಿಸುವವಳಲ್ಲ. ತವರು ತಮಿಳುನಾಡಿನ ಗಡಿಯ ಪುಣಜನೂರಾದ್ದರಿಂದ ಯೋಗಮ್ಮನ ತಮಿಳು ಅವಳಿಗೂ ಚೆನ್ನಾಗಿ ಬರುತ್ತಿತ್ತು. ಬೀಗತಿ ಬಾಯಿ ತೆಗೆದರೆ ಅವಳ ಮಾತಿನಲ್ಲೇ ಜಗಳ ಕಾಯುವುದು ಎಂದು ಟೊಂಕ ಕಟ್ಟಿ ಕೂತಿದ್ದಳು.

ಅವಳ ಮಗ, ಚೈತ್ರಳ ಅಣ್ಣ ಕನಕರಾಜುವಿನದು ಬೇರೆ ಯೋಚನೆ. ಚಾಮರಾಜನಗರದಲ್ಲಿ ನೌಕರಿ ಮಾಡಿಕೊಂಡು ಅಲ್ಲೇ ಮನೆ ಕಟ್ಟಿದ್ದವನು, ಮಡಿಲಕ್ಕಿ, ಸೀರೆ, ಕಾಯಿ ಎಲ್ಲ ಹೊಂದಿಸಿಕೊಂಡು ಬಂದಿದ್ದ. ಮಸ್ಕತ್ತಿನಲ್ಲಿ ಹೆಣ್ಣೊಪ್ಪಿಸುವ ಶಾಸ್ತ್ರ ಆಗಿರಲಿಲ್ಲ. ಅತ್ತೆ ಬಂದಾಯಿತಲ್ಲ, ಒಪ್ಪಿಸಿ ಕಳಿಸಿಬಿಡೋಣ ಎಂದು.

ಯೋಗಮ್ಮ ಕಾಫಿ ಕುಡಿದು, ಇದೆಲ್ಲ ಏನು ಎಂದು ಕೇಳಿದಳು. ಈರಮ್ಮ ಹೇಳಿದ್ದು ಕೇಳಿ ಬೆರಗಾದಳು. ತಮ್ಮ ಸೀಮೆಯಲ್ಲಿ ಮಗಳನ್ನು ಯಾರೂ ಮನೆ ಬಿಡಿಸುವುದಿಲ್ಲ, ಗಂಡೇ ಹೆಂಡತಿಯ ಮನೆಗೆ ಬರುತ್ತಾನೆ. ಹೆತ್ತವರು ಮನೆಯನ್ನು ಮಗಳಿಗೆ ಬಿಟ್ಟು ಹಿತ್ತಿಲಲ್ಲಿ ಚಿಕ್ಕದೊಂದು ಕಟ್ಟಿಕೊಳ್ಳುತ್ತಾರೆ, ತಾನೂ ಹಾಗೇ ಇರುವುದು ಎಂದಳು. ಮನೆಯನ್ನೆಲ್ಲ ಒಂದು ಸುತ್ತು ನೋಡಿಬಂದು, ಇದರಲ್ಲಿ ಚೈತ್ರಳದು ಯಾವುದು ಎಂದಳು.

ಕನಕರಾಜುವಿಗೆ ಅಷ್ಟು ತಮಿಳು ಅರ್ಥವಾಯಿತು. “ನಮ್ಮಲ್ಲಿ ಎಣ್ಮಕ್ಳಿಗೆ ಮನೆ ಕೊಡದಿಲ್ಲ ಅನ್ನವ್ವ.”

ಹಾಗಿದ್ದರೆ ಇಬ್ಬರನ್ನೂ ಕರೆದುಕೊಂಡು ಹೋಗುತ್ತೇನೆ ಎಂದಳು ಯೋಗಮ್ಮ, ದನಿ ಏರಿಸದೆ. ಹೆಂಡತಿಯ ಮನೆಗೆ ಮಗನನ್ನು ಬಿಡಬಲ್ಲೆ, ಹೆಂಡತಿಯ ಅಣ್ಣನ ಮನೆಗೆ ಬಿಡಲಾರೆ. ನಾಳೆ ಎದ್ದು ಹೋಗು ಅಂದರೆ ಅವನು ಯಾವ ದೇಶಕ್ಕೆ ಹೋಗಬೇಕು?

ಈರಮ್ಮನಿಗೆ ಆ ಮಾತಿನಲ್ಲಿ ತಪ್ಪು ಕಾಣಲಿಲ್ಲ. ಮನೆಯನ್ನು ಗಂಡ ಬದುಕಿದ್ದಾಗಲೇ ಅವಳ ಹೆಸರಿಗೆ ಮಾಡಿಸಿದ್ದ.

“ಕೊಟ್ಟೆ,” ಎಂದಳು.

“ಅಳಿಯ ಬಂದು ಮನೆ ಇಡ್ಕಂಡ ಅಂತ ಊರೆಲ್ಲ ನಗ್ತದೆ ಕಣವ್ವ. ನಾ ಎಂಗೆ ತಲೆ ಎತ್ಕಂಡು ತಿರುಗನ?”

“ನೀನು ಮಾವ ಕೊಟ್ಟ ಸೈಟ್ನಾಗೇ ಮನೆ ಕಟ್ಟಿರದು ಕಣ್ಲಾ. ಆಗ ಯಾರು ನಕ್ಕುದ್ರು?”

“ಅದು ಬ್ಯಾರೆ.”

“ಏನ್ ಬ್ಯಾರೆ? ಯೋಳು.”

ಅವನು ಬೈಕಿನ ಕೀಲಿ ಕೈಗೆತ್ತಿಕೊಂಡ. ನೀನೆಲ್ಲಿ ಸಾಯ್ತೀಯ ಎಂದು ಗೊಣಗಿದ. ಹಿತ್ತಿಲಲ್ಲಿ ಅರಿಶಿನದ ಕೊಟ್ಟಿಗೆ ಇದೆ, ನಾನು ಹುಟ್ಟಿದ ಗುಡಿಸಲು ಅದಕ್ಕಿಂತ ಚಿಕ್ಕದು ಎಂದಳು ಈರಮ್ಮ. ಅವನು ಬೈಕ್ ಹತ್ತಿ ಹೋದ.

ಅವತ್ತೇ ಈರಮ್ಮ ತನ್ನ ಟ್ರಂಕು ಕೊಟ್ಟಿಗೆಗೆ ಎಳೆಯತೊಡಗಿದಳು. ಚೈತ್ರ ಅಡ್ಡ ನಿಂತು, ಎಲ್ಲರೂ ಒಂದೇ ಮನೆಯಲ್ಲಿರೋಣ ಎಂದು ಅತ್ತಳು.

“ಸುಮ್ಕಿರಮ್ಮಿ. ನಾ ಒಳಗಿದ್ರೆ ನಿಮ್ಮಣ್ಣ ನಮ್ಮವ್ವನ ಮನೆ ಅಂತ ನುಗ್ತನೆ. ನೀವಿಬ್ರೇ ಇದ್ರೆ ಬಾಗ್ಲು ತಟ್ಬುಟ್ಟು ಬತ್ತನೆ.”

ಗುಂಡ್ಲುಪೇಟೆಗೆ ಹೋಗಿ ದಾನಪತ್ರ ನೋಂದಾಯಿಸಿ ಬಂದ ಮೇಲೆ, ಶಾಸ್ತ್ರ ಮಾಡಿಯೇ ಬಿಡೋಣ ಎಂದು ಕೇರಿಯ ಹೆಂಗಸರನ್ನು ಕರೆದಳು. ನಿರೋಷನ್‌ನ ಅಂಗೈಯನ್ನು ಯೋಗಮ್ಮ ಹಿಡಿದಳು, ಕೆಳಗೆ ಈರಮ್ಮ ಕೈಯೊಡ್ಡಿದಳು, ಚೈತ್ರ ಹಾಲು ಬಿಟ್ಟಳು. ಅಕ್ಕಿಯನ್ನು ಅವನ ಪಂಚೆಯ ಮಡಿಲಿಗೇ ಹಾಕಿದರು. ಹೆಂಗಸರು ಬಾಯಿಗೆ ಸೆರಗು ಒತ್ತಿಕೊಂಡರು. ಸೆರಗು ತೆಗೆದು ಚೆನ್ನಾಗಿ ನಗ್ರಿ, ನಕ್ಕಾದ ಮೇಲೆ ಸೋಬಾನೆ ಹೇಳಿ ಎಂದಳು ಈರಮ್ಮ. ಹೇಳಿದರು.

ಯೋಗಮ್ಮನೂ ನಗುತ್ತಿದ್ದಳು. ಮಗನ ಕೈ ಬಿಡುವಾಗ ಮಾತ್ರ, ಗಂಡುಮಗ ಹೋಗುವವನೇ ಎಂದು ಗೊತ್ತಿತ್ತು ಅಕ್ಕಾ, ಎರಡು ಬೀದಿ ಆಚೆ ಹೋಗುತ್ತಾನೆ ಅಂದುಕೊಂಡಿದ್ದೆ ಎಂದಳು. ಈರಮ್ಮ ಅಳಿಯನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ಯೋಗಮ್ಮನನ್ನು ಕಳಿಸಲು ಎಲ್ಲರೂ ಹೋದಾಗ, ಚಾಮರಾಜನಗರದ ಬಸ್ ಸ್ಟ್ಯಾಂಡಿಗೆ ಕನಕರಾಜು ಬರಲಿಲ್ಲ. ಅವರೂ ಅವನಿಗೆ ಕಾಯಲಿಲ್ಲ. ಯೋಗಮ್ಮ ಸತ್ಯಮಂಗಲದ ಬಸ್ಸು ಹತ್ತಿ, ಪುಣಜನೂರಿನ ದಾರಿಯಲ್ಲಿ ಒಬ್ಬಳೇ ಹೋದಳು.