ಜಗಲಿಯ ಫ್ಯಾನಿಗೆ ಬಂಡಿಯ ನೊಗ

ಕಲ್ಲು ತಟ್ಟಿ ನೋಡಲಿಲ್ಲವಲ್ಲ ಎಂಬುದು ಅಶ್ವತ್ಥಪ್ಪನಿಗೆ ಹೊಳೆದದ್ದು ಫ್ಯಾನು ತಿರುಗತೊಡಗಿದ ಮೇಲೆ.

ಸಾವಿರದ ಒಂಬೈನೂರ ನಲವತ್ತೊಂದರ ಬೇಸಿಗೆ. ಕೋಲಾರದ ಪೇಟೆಯಲ್ಲಿ ಮನೆಯೊಳಗೆ ಕರೆಂಟು ದೀಪ ಹಾಕಿಸಿಕೊಂಡವರಿದ್ದರು. ಬೀದಿ ಜಗಲಿಗೆ ಬಲ್ಬು, ಅದರ ಜೊತೆಗೆ ಫ್ಯಾನು ಎಂದು ಹೊರಟವರು ದೊಡ್ಡನಾರಾಯಣಪ್ಪನವರೇ ಮೊದಲು. ಮಗಳನ್ನು ನೋಡಲು ಮುಳಬಾಗಿಲಿನಿಂದ ಗಂಡಿನ ಕಡೆಯವರು ಬರುತ್ತಾರೆ, ಅಷ್ಟರೊಳಗೆ ಗಾಳಿ ಬೀಸಬೇಕು ಎಂದು ಮೂರು ದಿನದಿಂದ ಕರೆಂಟು ಕೆಲಸದ ಅಶ್ವತ್ಥಪ್ಪನ ಬೆನ್ನು ಬಿದ್ದಿದ್ದರು. ಜಗಲಿಯ ಸೂರು ಕಲ್ಲು ಚಪ್ಪಡಿಯದು. ಆತುರದಲ್ಲಿ ಅವನು ಚಪ್ಪಡಿಗೆ ತೂತು ಹೊಡೆದು, ಕಬ್ಬಿಣದ ಸಲಾಕೆ ಇಳಿಬಿಟ್ಟು, ಮಾಳಿಗೆಯ ಮೇಲೆ ನಟ್ಟು ಬಿಗಿದುಬಿಟ್ಟಿದ್ದ. ತೂತು ಹೊಡೆದ ಕಲ್ಲು ಬಿರುಕು ಬಿಟ್ಟಿದೆಯೋ ಎಂದು ಸುತ್ತಿಗೆಯಿಂದ ತಟ್ಟಿ ಸದ್ದು ಕೇಳಬೇಕು. ಬಂಡೆ ಒಡೆಯುವ ಯಾರನ್ನು ಕೇಳಿದರೂ ಹೇಳುತ್ತಿದ್ದರು.

ಈಗ ಜಮಖಾನದ ಮೇಲೆ ನಾಲ್ಕು ಜನ ಹಿರಿಯರು. ಸರಿಯಾಗಿ ಫ್ಯಾನಿನ ಕೆಳಗೆ ಗಂಡಿನ ತಂದೆ ಸುಬ್ಬರಾಯಪ್ಪ, ರುಮಾಲು ತೆಗೆದಿಟ್ಟು ಬೋಳುತಲೆಗೆ ಗಾಳಿ ಕೊಟ್ಟು ಕೂತಿದ್ದರು. ಆ ತಲೆಯ ಮೇಲೆ ಚಿಟಿಕೆ ಕಲ್ಲುಪುಡಿ ಉದುರಿತು. ಸವರಿಕೊಂಡರು. ಮತ್ತೆ ಉದುರಿತು.

ಅಶ್ವತ್ಥಪ್ಪ ನಿಂತಲ್ಲಿ ನಿಲ್ಲಲಾರದೆ ಮಾಳಿಗೆ ಹತ್ತಿದ. ಪಕ್ಕದ ಕಲ್ಲು ತಟ್ಟಿದರೆ ಠಣ್ ಎಂದಿತು. ತೂತಿನ ಕಲ್ಲು ಒಡಕು ಮಡಕೆಯ ಹಾಗೆ ಬೊದ್ ಎಂದಿತು.

ಹೇಳಿದರೆ ಹೆಸರು ಹೋಯಿತು. ಪೇಟೆಯಲ್ಲಿ ಇನ್ನು ಯಾರೂ ಕೆಲಸಕ್ಕೆ ಕರೆಯುವುದಿಲ್ಲ. ಹೇಳದಿದ್ದರೆ ಆ ಬೋಳುತಲೆ. ಇಳಿದು ಬಂದವನೇ ಸ್ವಿಚ್ಚು ಆರಿಸಿದ.

"ಏನ್ಲಾ, ಕರೆಂಟು ಹೋಯ್ತಾ?" ಎಂದರು ದೊಡ್ಡನಾರಾಯಣಪ್ಪ.

"ನಾನೇ ಆರಿಸ್ದೆ ಯಜಮಾನ್ರೇ. ಮೇಲಿನ ಕಲ್ಲು ಬಿರುಕು ಬಿಟ್ಟೈತೆ. ತಟ್ಟಿ ನೋಡ್ಲಿಲ್ಲ, ತಪ್ಪು ನಂದೇ. ಎಲ್ರೂ ಒಸಿ ಆಚೆ ಸರ್ಕೊಳ್ಳಿ."

"ಬಂದೋರ ಮುಂದೆ ಮಾನ ಕಳೆದ್ಯಲ್ಲೋ!"

ಬಾಗಿಲ ಮರೆಯಿಂದ ದೊಡ್ಡನಾರಾಯಣಪ್ಪನವರ ತಾಯಿ ಮುನಿಶಾಮಮ್ಮ ಗದರಿದರು: "ಸುಮ್ನಿರೋ. ಬಂದೋರ ತಲೆ ಉಳಿದ್ರೆ ತಾನೇ ನಿನ್ನ ಮಾನ?"

ಸುಬ್ಬರಾಯಪ್ಪ ದಡಬಡಿಸಿ ಸರಿದು ತಲೆ ನೇವರಿಸಿಕೊಂಡರು. "ಮಾತುಕತೇನೇ ಆಗಿಲ್ಲ, ಅಕ್ಷತೆ ಯಾಕೆ ಬೀಳ್ತೈತೆ ಅಂದ್ಕೊಂಡೆ. ದಾರಿ ಏನಪ್ಪಾ ಈಗ?"

"ಮಾಳಿಗೆ ಮೇಲೆ ಗಟ್ಟಿ ಮರ ಅಡ್ಡ ಹಾಕ್ಬೇಕು. ಅದರ ಎರಡು ಕೊನೆ ಪಕ್ಕದ ಕಲ್ಲುಗಳ ಮೇಲೆ ಕೂತ್ರೆ, ಒಡಕು ಕಲ್ಲಿಗೆ ಭಾರ ಇರಲ್ಲ."

"ನಮ್ಮ ಬಂಡಿ ನೊಗ ಆಗ್ತದಾ?" ಎಂದರು ಸುಬ್ಬರಾಯಪ್ಪ.

"ನೊಗ ಕೊಟ್ಟು ಊರಿಗೆ ಹೆಂಗೆ ಹೋಗ್ತೀರಿ?"

"ಹೆಣ್ಣು ಇನ್ನೂ ನೋಡೇ ಇಲ್ಲ, ಆಗ್ಲೇ ಕಳಿಸ್ತೀಯಾ?"

ನೊಗ ಮಾಳಿಗೆ ಹತ್ತಿತು. ಕೊನೆಗಳ ಕೆಳಗೆ ಒಂದೊಂದು ಕಲ್ಲು ಕೊಟ್ಟು, ಸಲಾಕೆಯನ್ನು ಬಂಡಿಯ ಸರಪಳಿಯಿಂದ ನೊಗಕ್ಕೆ ಬಿಗಿದ. ಹೊತ್ತು ಮುಳುಗಿ ಬಲ್ಬು ಹತ್ತಿಸುವಷ್ಟರಲ್ಲಿ ಫ್ಯಾನು ಮತ್ತೆ ತಿರುಗಿತು. ಊಟಕ್ಕೆ ಜಗಲಿಯಲ್ಲೇ ಎಲೆ ಹಾಕಿದರು. ಎಲ್ಲರೂ ಗೋಡೆಗೆ ಅಂಟಿಕೊಂಡರು. ಫ್ಯಾನಿನ ಕೆಳಗೆ ಮಾತ್ರ ಖಾಲಿ.

"ಗಟ್ಟಿ ಐತೇನ್ಲಾ?" ದೊಡ್ಡನಾರಾಯಣಪ್ಪನವರ ದನಿ ಇನ್ನೂ ಬಿಗಿಯಾಗಿಯೇ ಇತ್ತು.

ಅಶ್ವತ್ಥಪ್ಪ ಒಂದು ಎಲೆ ತೆಗೆದುಕೊಂಡು ನಟ್ಟನಡುವೆ ಹಾಸಿ ಕೂತ. "ಬಡ್ಸಿ ಅವ್ವಾ," ಎಂದ.

ಮುನಿಶಾಮಮ್ಮ ಅನ್ನ ಬಡಿಸಿದರು. ಅವನು ತಲೆ ಎತ್ತಲಿಲ್ಲ. ಕಿವಿಯೆಲ್ಲ ಮೇಲೆ, ಕಣ್ಣೆಲ್ಲ ಅನ್ನದ ಮೇಲೆ. ಬಿಳಿ ಅನ್ನದಲ್ಲಿ ಒಂದು ಹರಳು ಬಿದ್ದರೂ ಕಾಣುತ್ತದೆ. ಸಾರನ್ನ ಮುಗಿಯಿತು. ಏನೂ ಉದುರಲಿಲ್ಲ. ಮಜ್ಜಿಗೆಗೆ ಕೈ ಒಡ್ಡುವ ಹೊತ್ತಿಗೆ ಸುಬ್ಬರಾಯಪ್ಪ ತಮ್ಮ ಎಲೆಯನ್ನು ಎಳೆದುಕೊಂಡು ಬಂದು ಅವನ ಪಕ್ಕದಲ್ಲಿ ಕೂತರು. ಕೂರುವ ಮೊದಲು ರುಮಾಲು ಮಾತ್ರ ಸುತ್ತಿಕೊಂಡಿದ್ದರು.