ಕುಂಕುಮ ಹತ್ತಿದ ಬ್ರಷ್

ಹೇಮಾವತಿ ಹಿನ್ನೀರಿನ ಮೀನುಗಾರರಿಗೆ ನಾನು ಫೈಬರ್ ಹರಿಗೋಲು ಮಾಡಿಕೊಡುತ್ತೇನೆ. ಈ ಕಸುಬಿಗೆ ಇರುವುದು ಒಂದೇ ಮಂತ್ರ: ಎಪಾಕ್ಸಿ ಅಂಟು ಬಳಿದ ಬ್ರಷ್ಷನ್ನು ಕೂಡಲೇ ತಿನ್ನರಿನಲ್ಲಿ ತೊಳೆಯಬೇಕು. ಅರ್ಧ ಗಂಟೆ ಬಿಟ್ಟರೆ ಅದು ಬ್ರಷ್ಷಲ್ಲ, ಸೌದೆ.

ಆಯುಧಪೂಜೆಯ ಬೆಳಿಗ್ಗೆ ಒಂದು ಹರಿಗೋಲಿನ ತಳಕ್ಕೆ ಕೊನೆಯ ಪದರ ಬಳಿದು, ಬ್ರಷ್ಷನ್ನು ಹಲಗೆಯ ಮೇಲಿಟ್ಟು, ತಿನ್ನರ್ ತರಲು ಒಳಗೆ ಹೋದೆ. ದರಿದ್ರ ಡಬ್ಬದ ಮುಚ್ಚಳ ಬಿಗಿದುಕೊಂಡಿತ್ತು. ಅದರ ಜೊತೆ ಗುದ್ದಾಡಿ ಬರುವಷ್ಟರಲ್ಲಿ ನಮ್ಮವ್ವ ಬೆಟ್ಟಮ್ಮ ಬ್ರಷ್ಷಿಗೆ ಅರಿಸಿನ ಕುಂಕುಮ ಇಟ್ಟು, ಚೆಂಡುಹೂವಿನ ಎಸಳು ಉದುರಿಸಿ, ಊದುಬತ್ತಿ ಹಚ್ಚಿದ್ದಳು. ನಾನು ಕೈ ಚಾಚಿದೆ.

“ಮುಟ್ಬ್ಯಾಡ ಕಣ್ಲಾ. ಪೂಜೆ ಆದ್ಮೇಲೆ ನಾಳೆಗಂಟ ಆಯುಧ ಮುಟ್ಟಂಗಿಲ್ಲ.”

“ಅವ್ವ, ತೊಳೀದಿದ್ರೆ ಕಲ್ಲಾಗೋಯ್ತದೆ.”

“ದೇವ್ರಿಗಿಂತ ನಿನ್ ಅಂಟು ದೊಡ್ಡದಾ?”

ದೊಡ್ಡದೇ. ದೇವರು ನನಗಾಗಿ ಮೂವತ್ತು ವರ್ಷದಿಂದ ಕಾದಿದ್ದಾನೆ, ಅಂಟು ಅರ್ಧ ಗಂಟೆಯೂ ಕಾಯುವುದಿಲ್ಲ. ಆದರೆ ಒಡೆಯಬೇಕಿದ್ದ ಬೂದುಗುಂಬಳ ಅವ್ವನ ಕೈಯಲ್ಲಿತ್ತು, ನನ್ನ ತಲೆ ಪಕ್ಕದಲ್ಲೇ ಇತ್ತು. ಚಾಚಿದ ಕೈ ಹಿಂದಕ್ಕೆಳೆದುಕೊಂಡೆ.

ಮಾರನೆಯ ದಿನ ಬ್ರಷ್ಷು ಹಲಗೆಗೇ ಕಚ್ಚಿಕೊಂಡಿತ್ತು. ಕುಂಕುಮ, ಎಸಳು, ಜೊತೆಗೊಂದು ನೊಣ, ಎಲ್ಲವೂ ಗಾಜಿನೊಳಗೆ ಕೂತಂತೆ ಹೊಳೆಯುತ್ತಿದ್ದವು. ನಾನು ಸುತ್ತಿಗೆ ಎತ್ತಿದೆ. ಅವ್ವ ಬಗ್ಗಿ, ಕುಂಕುಮವನ್ನು ಉಗುರಿನಿಂದ ಕೆರೆದು ನೋಡಿದಳು. ಅದು ಜಪ್ಪಯ್ಯ ಅನ್ನಲಿಲ್ಲ.

“ಒಡೀಬ್ಯಾಡ ಬುಡ್ಲಾ,” ಎಂದಳು. “ಒಂದ್ಸಲ ಇಟ್ರೆ ಸಾಯೋಗಂಟ ಬತ್ತದೆ. ನಿನ್ ಬೈಕ್‌ಗೂ ಒಸಿ ಅಂಟು ಬಳ್ದ್‌ಬುಡು, ವರ್ಸ ವರ್ಸ ಪೂಜೆ ಮಾಡೋ ಕಾಟ ತಪ್ತದೆ.”